ವೈಫೈ ಇದೆ, ನೆಟ್ ಇಲ್ಲ: ಕೆಟ್ಟಿದ್ದು ಎಲ್ಲಿ ಎಂದು ಮನೆಯಲ್ಲೇ ಪತ್ತೆ ಮಾಡುವ ಬಗೆ

ಮಳೆಗಾಲ ಹಿಡಿಯಿತೆಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು: "ಎಂತದೋ ಮಾರಾಯ, ನೆಟ್ಟೇ ಇಲ್ಲ." ಕುಟುಂಬದಲ್ಲಿ ಒಬ್ಬ ಕಂಪ್ಯೂಟರ್ ಕೆಲಸದವನಿದ್ದರೆ ನೆಂಟರಿಗೆಲ್ಲ ಅವನೇ ಲೈನ್‌ಮ್ಯಾನ್. ಈ ಸಲ ಮೊದಲ ಫೋನು ಸಾಗರದ ಕಡೆಯ ಚಿಕ್ಕಮ್ಮನದು. "ವೈಫೈ ಫುಲ್ ತೋರಿಸ್ತಾ ಇದೆ, ಯೂಟ್ಯೂಬ್ ಮಾತ್ರ ತಿರುಗ್ತಾನೇ ಇದೆ. ರೌಟರ್ ಹಳೇದಾಯ್ತಾ ಅಂತ. ಹೊಸದು ತರಿಸ್ಲಾ?"

ತರಿಸಬೇಡ ಅಂದೆ. ಮಲೆನಾಡಿನಲ್ಲಿ ಗುಡ್ಡದ ಅಬ್ಬಿಯಿಂದ ಪೈಪ್ ಹಾಕಿ ನೀರು ತರುವ ಮನೆಗಳಿವೆ. ನಲ್ಲಿಯಲ್ಲಿ ನೀರು ನಿಂತರೆ ಅಲ್ಲಿ ಯಾರೂ ನಲ್ಲಿ ಬದಲಿಸಲು ಹೋಗುವುದಿಲ್ಲ. ಮೊದಲು ತೊಟ್ಟಿ ನೋಡುತ್ತಾರೆ. ತೊಟ್ಟಿಯಲ್ಲಿ ನೀರಿದ್ದರೆ ತಕರಾರು ಮನೆಯೊಳಗಿನ ಪೈಪಿನದು. ಇಲ್ಲವಾದರೆ ಕತ್ತಿ ಹಿಡಿದು ಗುಡ್ಡ ಹತ್ತಬೇಕು. ನೆಟ್ಟಿಗೂ ಲೆಕ್ಕ ಇಷ್ಟೇ. ರೌಟರ್ ಅನ್ನುವುದು ತೊಟ್ಟಿ. ಅಲ್ಲಿಂದ ಫೋನಿಗೆ ಬರುವ ತುಂಡು ವೈಫೈ. ಹೊರಗಿನಿಂದ ತೊಟ್ಟಿಗೆ ಬರುವ ತುಂಡು ಇಂಟರ್‌ನೆಟ್. ಫೋನಿನ ತಲೆಯ ಮೇಲೆ ಕಾಣುವ ವೈಫೈ ಗುರುತು ಹೇಳುವುದು ತೊಟ್ಟಿಗೂ ನಿಮಗೂ ಪೈಪ್ ಸರಿಯಿದೆ ಎಂದಷ್ಟೇ. ತೊಟ್ಟಿಯಲ್ಲಿ ಹನಿ ನೀರಿಲ್ಲದಿದ್ದರೂ ಅದು ತುಂಬಿಕೊಂಡೇ ಕಾಣುತ್ತದೆ.

ಐಪಿ, ಡಿಎನ್‌ಎಸ್, ಪಿಂಗ್ ಎಂದು ನಾವು ಕೇಳುವ ಶಬ್ದಗಳೆಲ್ಲ ಈ ದಾರಿಯ ಮೇಲಿನ ಒಂದೊಂದು ಜಾಗದ ಹೆಸರು. ದಾರಿ ನಡೆದರೆ ಹೆಸರು ತಾನಾಗಿ ನೆನಪಿರುತ್ತದೆ, ಹಾಗಾಗಿ ನಡೆಯುತ್ತಲೇ ಹೇಳುತ್ತೇನೆ. ನಾನು ಇಲ್ಲಿ ಹೇಳುವುದು ಫೈಬರ್ ಸಂಪರ್ಕ ಇರುವ ಮನೆಗಳ ಕಥೆ.

ಮೊದಲು ದೀಪ ನೋಡಿ

ಫೈಬರ್ ಕಂಪನಿಯವರು ಗೋಡೆಗೆ ಹೊಡೆದು ಹೋದ ಬಿಳಿ ಅಥವಾ ಕಪ್ಪು ಡಬ್ಬಿಯ ಹೆಸರು ಓಎನ್‌ಟಿ. ಕೆಲವರು ಓಎನ್‌ಯು ಅನ್ನುತ್ತಾರೆ, ಊರಿನಲ್ಲಿ ಎಲ್ಲರಿಗೂ ಅದು 'ಮೋಡೆಮ್'. ಮೋಡೆಮ್ ಅನ್ನುವುದು ಟೆಲಿಫೋನ್ ತಂತಿಯ ಕಾಲದ ಹೆಸರು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಡಲು ಶುರುಮಾಡಿದಾಗ ಕಂಪ್ಯೂಟರಿನ ಅಂಕಿಗಳನ್ನು ತಂತಿಯಲ್ಲಿ ಹೋಗುವ ಸದ್ದಾಗಿ, ಸದ್ದನ್ನು ಮತ್ತೆ ಅಂಕಿಗಳಾಗಿ ಮಾಡುತ್ತಿದ್ದ ಯಂತ್ರ ಅದು. ಓಎನ್‌ಟಿ ಮಾಡುವುದೂ ಅದೇ ಜಾತಿಯ ಕೆಲಸ, ಸದ್ದಿನ ಬದಲು ಬೆಳಕು. ಹಾಗಾಗಿ ಮೋಡೆಮ್ ಅಂದರೂ ನನ್ನ ತಕರಾರಿಲ್ಲ.

ಹೆಚ್ಚಿನ ಮನೆಗಳಲ್ಲಿ ಓಎನ್‌ಟಿ ಮತ್ತು ರೌಟರ್ ಒಂದೇ ಡಬ್ಬಿಯಲ್ಲಿ ಇರುತ್ತವೆ. ಕೆಲವು ಕಡೆ ಎರಡು ಡಬ್ಬಿ, ನಡುವೆ ಒಂದು ದಪ್ಪ ತಂತಿ. ಒಂದಿರಲಿ ಎರಡಿರಲಿ, ಮುಂಭಾಗದ ಪುಟ್ಟ ದೀಪಗಳನ್ನು ಓದಿ. ಅಕ್ಷರ ಸಣ್ಣದು, ಫೋನಿನಲ್ಲಿ ಫೋಟೊ ಹೊಡೆದು ದೊಡ್ಡದು ಮಾಡಿ ನೋಡುವುದು ಸುಲಭ.

ಪವರ್ ದೀಪದ ಬಗ್ಗೆ ಹೇಳಬೇಕಿಲ್ಲ. ಅದರ ಪಕ್ಕ ಪಾನ್ (PON) ಎಂಬ ದೀಪ. ಇದು ಹಸಿರಾಗಿ ಅಲುಗಾಡದೆ ನಿಂತಿದ್ದರೆ ಕಂಪನಿಯ ಯಂತ್ರಕ್ಕೂ ನಿಮ್ಮ ಡಬ್ಬಿಗೂ ಮಾತುಕತೆ ಆಗುತ್ತಿದೆ. ಮಿಟುಕುತ್ತಿದ್ದರೆ ಇನ್ನೂ ಪರಿಚಯ ಹೇಳಿಕೊಳ್ಳುತ್ತಿದೆ, ಎರಡು ನಿಮಿಷ ಕೊಡಿ. ಮೂರನೆಯದು ಎಲ್‌ಓಎಸ್. ಇದು ಉರಿಯಬಾರದ ದೀಪ. ಕೆಂಪಾಗಿ ಮಿಟುಕಿದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ. ಆಮೇಲೆ ಇಂಟರ್‌ನೆಟ್ ಎಂಬ ದೀಪ: ಪಾನ್ ಹಸಿರಿದ್ದು ಇದು ಮಾತ್ರ ಉರಿಯದಿದ್ದರೆ ಬೆಳಕು ಬಂದಿದೆ, ಒಳಗೆ ಬಿಡುವ ಅನುಮತಿ ಸಿಕ್ಕಿಲ್ಲ. ದುಡ್ಡು ಕಟ್ಟದೆ ಅವಧಿ ಮುಗಿದಾಗ ಸಾಮಾನ್ಯವಾಗಿ ಕಾಣುವುದು ಇದೇ.

ಚಿಕ್ಕಮ್ಮ ಓದಿ ಹೇಳಿದ್ದು "ಎಲ್, ಓ, ಎಸ್. ಕೆಂಪು. ಮಿಟುಕ್ತಾ ಇದೆ." ಅಲ್ಲಿಗೆ ಪತ್ತೆ ಮುಗಿಯಿತು. ರೌಟರಿನದು ತಪ್ಪಿಲ್ಲ, ಫೋನಿನದೂ ತಪ್ಪಿಲ್ಲ, ಗುಡ್ಡ ಹತ್ತಬೇಕು. ಈ ಕೆಂಪು ದೀಪಕ್ಕೆ ಆಫ್ ಮಾಡಿ ಆನ್ ಮಾಡುವುದು ಮದ್ದಲ್ಲ. ಕಂಪನಿಗೆ ಫೋನ್ ಮಾಡಿದಾಗಲೂ "ನೆಟ್ ಇಲ್ಲ" ಅನ್ನಬೇಡಿ. ಹಾಗಂದರೆ ಆ ಕಡೆಯವರು ಮೊದಲು ರೀಸ್ಟಾರ್ಟ್ ಮಾಡಿ ಅನ್ನುತ್ತಾರೆ, ನೀವು ಮಾಡುತ್ತೀರಿ, ಅರ್ಧ ಗಂಟೆ ಹೋಗುತ್ತದೆ. "ಎಲ್‌ಓಎಸ್ ಕೆಂಪಗಿದೆ, ಬೆಳಗ್ಗೆ ಆರರಿಂದ" ಎಂದರೆ ದೂರು ನೇರ ಲೈನಿನವರಿಗೆ ಹೋಗುವ ಸಂಭವ ಹೆಚ್ಚು.

ಗಾಜಿನ ಎಳೆಯ ಬಗ್ಗೆ

ಕಂಪನಿ ಎಂದೆನಲ್ಲ, ಅದಕ್ಕೆ ಐಎಸ್‌ಪಿ ಅನ್ನುತ್ತಾರೆ, ಇಂಟರ್‌ನೆಟ್ ಸೇವೆ ಕೊಡುವವರು. ಅವರ ಕಚೇರಿಯ ಯಂತ್ರದಿಂದ ಹೊರಟ ಒಂದು ಫೈಬರ್ ಎಳೆ ಊರಿನ ಹತ್ತಿರ ಬಂದು ಸ್ಪ್ಲಿಟರ್ ಎಂಬ ಪುಟ್ಟ ಪೆಟ್ಟಿಗೆಯಲ್ಲಿ 32 ಅಥವಾ 64 ಮನೆಗಳಿಗೆ ಕವಲೊಡೆಯುತ್ತದೆ. ಕೂದಲೆಳೆಯಷ್ಟು ಗಾಜು. ಅದೇ ಒಂದು ಎಳೆಯಲ್ಲಿ ನಿಮ್ಮ ಕಡೆ ಬರುವ ಬೆಳಕು ಒಂದು ಬಣ್ಣದ್ದು, ನಿಮ್ಮಿಂದ ಹೋಗುವುದು ಇನ್ನೊಂದು ಬಣ್ಣದ್ದು: ಜಿಪಾನ್ ಎಂಬ ಪದ್ಧತಿಯಲ್ಲಿ 1490 ಮತ್ತು 1310 ನ್ಯಾನೊಮೀಟರ್. ಬಣ್ಣ ಎಂದದ್ದು ಮಾತಿಗೆ. ಎರಡೂ ಕಣ್ಣಿಗೆ ಕಾಣುವುದಿಲ್ಲ. ಕಾಣದಿದ್ದರೂ ಲೇಸರ್ ಲೇಸರೇ, ಆದ್ದರಿಂದ ತುದಿ ಕಿತ್ತು ಕಣ್ಣಿನ ಎದುರು ಹಿಡಿದು "ಬೆಳಕು ಬರ್ತಾ ಇದೆಯಾ" ಎಂದು ನೋಡಬೇಡಿ. ಮಕ್ಕಳಿಗೂ ಹೇಳಿಡಿ.

ಸ್ಪ್ಲಿಟರಿಗೆ ಕರೆಂಟ್ ಬೇಡ. ಪಾನ್ ಎಂಬ ಹೆಸರಿನ ಮೊದಲ ಅಕ್ಷರ, ಪ್ಯಾಸಿವ್ ಎಂಬುದರ ಪಿ, ಸೂಚಿಸುವುದೇ ಇದನ್ನು, ನಡುದಾರಿಯಲ್ಲಿ ಎಲ್ಲೂ ವಿದ್ಯುತ್ ಬೇಡದ ಜಾಲ. ಇದರಿಂದ ಒಂದು ಲಾಭವಿದೆ. ಊರಿನಲ್ಲಿ ಕರೆಂಟ್ ಹೋದರೂ ಕಂಪನಿಯ ಕಡೆ ಬ್ಯಾಕಪ್ ಇದ್ದು, ನಿಮ್ಮ ಡಬ್ಬಿಗೆ ಕರೆಂಟ್ ಸಿಕ್ಕಿದರೆ ನೆಟ್ ನಡೆಯುತ್ತದೆ. ಅದಕ್ಕೆ ಇಡೀ ಮನೆಗೆ ಇನ್ವರ್ಟರ್ ಬೇಕಿಲ್ಲ, ರೌಟರಿಗೆಂದೇ ಮಾಡಿದ ಪುಟ್ಟ ಯುಪಿಎಸ್ ಸಾಕು. ಕೊಳ್ಳುವ ಮೊದಲು ಅಡಾಪ್ಟರಿನ ಬೆನ್ನ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿ. ಹೆಚ್ಚಿನವು 12 ವೋಲ್ಟಿನವು, ಎಲ್ಲವೂ ಅಲ್ಲ. ಪದೇ ಪದೇ ಕರೆಂಟ್ ಹೋಗುವ ಊರಿನಲ್ಲಿ ಮನೆಯಿಂದ ಕೆಲಸ ಮಾಡುವವರಿಗೆ ವೇಗದ ಪ್ಲಾನಿಗಿಂತ ಇದು ದೊಡ್ಡ ಉಪಕಾರ.

ಗಾಜಿನ ಎಳೆ ತುಂಡಾದರೆ ಎಲ್‌ಓಎಸ್ ಕೆಂಪಾಗುತ್ತದೆ, ಅದು ಸುಲಭದ ಕಾಯಿಲೆ. ಕಷ್ಟದ್ದು ಮಡಚಿಕೊಂಡ ಎಳೆ. ಒಮ್ಮೆ ನಮ್ಮ ಮನೆಯಲ್ಲಿ ಎರಡು ವಾರ ನೆಟ್ ಹೋಗುವುದು ಬರುವುದು. ಕಂಪನಿಯವರ ಮೇಲೆ ಮೂರು ಸಲ ರೇಗಿದ್ದೆ. ಕೊನೆಗೆ ಡಬ್ಬಿಯ ಒಳಪುಟ ತೆರೆದೆ: ಅದೇ ವೈಫೈಯಲ್ಲಿದ್ದುಕೊಂಡು ಬ್ರೌಸರಿನಲ್ಲಿ 192.168.1.1 ಎಂದು ಹೊಡೆದರೆ ಹೆಚ್ಚಿನ ಡಬ್ಬಿಗಳಲ್ಲಿ ತೆರೆಯುತ್ತದೆ, ಯೂಸರ್‌ನೇಮ್ ಪಾಸ್‌ವರ್ಡ್ ಡಬ್ಬಿಯ ತಳದ ಚೀಟಿಯಲ್ಲಿರುತ್ತದೆ. ಅಲ್ಲಿ ಪಾನ್ ಸ್ಥಿತಿಯ ಪುಟದಲ್ಲಿ ಆರ್‌ಎಕ್ಸ್ ಪವರ್ ಎಂಬ ಅಂಕಿ ಇತ್ತು, ಮೈನಸ್ 28. ಬಂದು ತಲುಪುವ ಬೆಳಕಿನ ಬಲ ಅದು, ಅಳತೆ ಡಿಬಿಎಂ. ಮೈನಸ್ 27ಕ್ಕಿಂತ ಕೆಳಗಿಳಿದರೆ ಡಬ್ಬಿ ತಡವರಿಸಲು ಶುರು. ಹಳದಿ ತಂತಿಯನ್ನು ಹಿಡಿದುಕೊಂಡು ಹಿಂದೆ ಹೋದೆ. ಎರಡು ವಾರದ ಹಿಂದೆ ನಾನೇ ಸರಿಸಿದ ಗಾಡ್ರೆಜ್ ಕಪಾಟಿನ ಕಾಲು ಮತ್ತು ಗೋಡೆಯ ನಡುವೆ ಅದು ಸೂಜಿ ಮಡಿಕೆಯ ಹಾಗೆ ಬಾಗಿ ಸಿಕ್ಕಿಕೊಂಡಿತ್ತು. ಬೆಳಕು ಅಷ್ಟು ಚೂಪಾಗಿ ತಿರುಗಲಾರದು, ಮಡಿಕೆಯಲ್ಲಿ ಹೊರಗೆ ಸೋರಿಹೋಗುತ್ತದೆ. ಕಪಾಟು ಎಳೆದು, ತಂತಿಯನ್ನು ಕಾಫಿ ತಟ್ಟೆಯಷ್ಟು ಅಗಲದ ಸುರುಳಿ ಮಾಡಿ ಮೊಳೆಗೆ ತೂಗುಹಾಕಿದೆ. ಪುಟ ರಿಫ್ರೆಶ್ ಮಾಡಿದರೆ ಮೈನಸ್ 21. ಈ ಲೆಕ್ಕದಲ್ಲಿ ಮೂರು ಅಂಕಿ ಏರಿದರೆ ಬೆಳಕು ದುಪ್ಪಟ್ಟು, ಏಳು ಏರಿದರೆ ಐದು ಪಟ್ಟು. ಕಂಪನಿಯ ಹುಡುಗನಿಗೆ ಫೋನ್ ಮಾಡಿ "ಸರಿಯಾಯ್ತು" ಅಂದೆ, ಕಾರಣ ಹೇಳಲಿಲ್ಲ.

ತೊಟ್ಟಿಯಿಂದ ನಲ್ಲಿಗೆ: ವೈಫೈ

ದೀಪಗಳೆಲ್ಲ ಸರಿಯಿದ್ದೂ ನೆಟ್ ಕುಂಟುತ್ತಿದ್ದರೆ ಮುಂದಿನ ಹೆಜ್ಜೆ: ಫೋನ್ ಹಿಡಿದು ರೌಟರಿನ ಪಕ್ಕ, ಎರಡು ಮಾರು ದೂರದಲ್ಲಿ ನಿಲ್ಲಿ. ಅಲ್ಲಿ ಚೆನ್ನಾಗಿ ಬಂದು ಮಲಗುವ ಕೋಣೆಯಲ್ಲಿ ಬಾರದಿದ್ದರೆ ದುಡ್ಡು ಕೊಟ್ಟು ಪ್ಲಾನ್ ಏರಿಸಿ ಪ್ರಯೋಜನವಿಲ್ಲ. ಆ ತಕರಾರು ಗೋಡೆಯದು.

ವೈಫೈಗೆ ಸಾಮಾನ್ಯವಾಗಿ ಎರಡು ದಾರಿ, 2.4 ಮತ್ತು 5 ಗಿಗಾಹರ್ಟ್ಸ್. ಮೊದಲನೆಯದು ನಿಧಾನ, ಆದರೆ ಗೋಡೆ ದಾಟುತ್ತದೆ. ಎರಡನೆಯದು ಚುರುಕು, ಗೋಡೆ ಕಂಡರೆ ಸೊರಗುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತವರಿಗೆ ನಾನು ಹೇಳುವುದು ಕಣ್ಣು ಮುಚ್ಚಿ 5 ಹಿಡಿಯಿರಿ ಎಂದು. ಅಲ್ಲಿ 2.4ರ ದಾರಿಯಲ್ಲಿ ಅಕ್ಕಪಕ್ಕ ಮೇಲೆ ಕೆಳಗಿನ ಮನೆಗಳ ರೌಟರುಗಳೆಲ್ಲ ಒಟ್ಟಿಗೆ ಕೂಗುತ್ತಿರುತ್ತವೆ. ಆ ದಾರಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಮೈಕ್ರೋವೇವ್ ಒಲೆಯೂ ಅದೇ 2.4ರ ಆಸುಪಾಸಿನಲ್ಲಿ ಕೆಲಸ ಮಾಡುವುದರಿಂದ ಅನ್ನ ಬಿಸಿಯಾಗುವಾಗ ವಿಡಿಯೊ ಕಾಲ್ ತೊದಲುವುದು ಭ್ರಮೆಯಲ್ಲ. ಚಿಕ್ಕಮ್ಮನ ಹಾಗೆ ಸುತ್ತ ತೋಟ, ದಪ್ಪ ಮಣ್ಣಿನ ಗೋಡೆಯ ಮನೆಯಾದರೆ ಮಾತು ತಿರುಗಾಮುರುಗಾ. ಅಲ್ಲಿ ಕೂಗುವ ನೆರೆಯವರಿಲ್ಲ, 2.4 ಒಳ್ಳೆಯದು.

ಫೋನಿನಲ್ಲಿ ಕಾಣುವ ವೈಫೈ ಹೆಸರಿಗೆ ಎಸ್‌ಎಸ್‌ಐಡಿ ಎನ್ನುತ್ತಾರೆ. ಕೆಲವು ಡಬ್ಬಿಗಳು ಎರಡು ದಾರಿಗೂ ಒಂದೇ ಹೆಸರಿಟ್ಟು ಯಾವುದು ಹಿಡಿಯಬೇಕೆಂಬುದನ್ನು ಫೋನಿಗೇ ಬಿಡುತ್ತವೆ. ಒಳಪುಟದಲ್ಲಿ ಎರಡಕ್ಕೂ ಬೇರೆ ಹೆಸರು ಕೊಟ್ಟುಕೊಳ್ಳಬಹುದು. ಹೀಗೆ ಮಾಡಿದರೆ ಯಾವ ಕೋಣೆಯಲ್ಲಿ ಯಾವುದು ಚೆನ್ನ ಎಂದು ನೀವೇ ಪರೀಕ್ಷಿಸಬಹುದು.

ರೌಟರ್ ಇಡುವ ಜಾಗದ ಬಗ್ಗೆ ಒಂದೇ ಮಾತು: ಎತ್ತರದಲ್ಲಿ, ತೆರೆದು, ಮನೆಯ ನಡುವೆ. ಟಿವಿ ಹಿಂದೆ, ಫ್ರಿಜ್ ಮೇಲೆ, ಕಬ್ಬಿಣದ ಕಪಾಟಿನ ಪಕ್ಕ ಬೇಡ. ಲೋಹ ವೈಫೈಯನ್ನು ತಿರುಗಿಸಿ ಕಳಿಸುತ್ತದೆ, ದೊಡ್ಡ ಕನ್ನಡಿಯ ಬೆನ್ನಿನ ಲೇಪವೂ ಅಷ್ಟೆ.

ಇಷ್ಟಾದರೂ ಮಹಡಿಗೆ ಬಾರದಿದ್ದರೆ ಅಂಗಡಿಯವರು ರಿಪೀಟರ್ ಕೊಡಲು ನೋಡುತ್ತಾರೆ. ನನಗೆ ಅದು ಸೇರುವುದಿಲ್ಲ. ಅಗ್ಗದ ರಿಪೀಟರ್ ಒಂದೇ ಬಾಯಲ್ಲಿ ಕೇಳಿಸಿಕೊಂಡು ಅದೇ ಬಾಯಲ್ಲಿ ಹೇಳಬೇಕು, ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಅದರ ಬದಲು ರೌಟರಿನಿಂದ ಮಹಡಿಗೆ ಒಂದು ಲ್ಯಾನ್ ತಂತಿ ಎಳೆಸಿ, ಆ ತುದಿಗೆ ಇನ್ನೊಂದು ವೈಫೈ ಡಬ್ಬಿ ಹಾಕಿಸಿ. ಹೀಗೆ ಹಾಕುವುದಕ್ಕೆ ಆಕ್ಸೆಸ್ ಪಾಯಿಂಟ್ ಎಂದು ಹೆಸರು. ಮನೆ ಕಟ್ಟುವವರಿದ್ದರೆ ವಯರಿಂಗ್ ಮಾಡುವಾಗಲೇ ಖಾಲಿ ಪೈಪ್ ಒಂದನ್ನು ಹೂತುಬಿಡಿ.

ಲ್ಯಾನ್ ತಂತಿಯ ಒಳಗೆ ಎಂಟು ಎಳೆ, ಎರಡೆರಡಾಗಿ ಹೊಸೆದ ನಾಲ್ಕು ಜೋಡಿ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಬರೆದದ್ದು ಕೊಳ್ಳಿ. ಇವು 100 ಮೀಟರ್‌ವರೆಗೆ ಸೆಕೆಂಡಿಗೆ ಒಂದು ಗಿಗಾಬಿಟ್ ಒಯ್ಯುತ್ತವೆ. ತುದಿಯ ಪಾರದರ್ಶಕ ಪ್ಲಗ್ಗಿಗೆ ಆರ್‌ಜೆ45 ಎನ್ನುತ್ತಾರೆ. ಅದನ್ನು ಒತ್ತುವಾಗ ಒಂದು ಎಳೆ ಸರಿಯಾಗಿ ಕೂರದಿದ್ದರೆ ತಂತಿ ಎಲ್ಲ ಸಲವೂ ಸಾಯುವುದಿಲ್ಲ, ಕೆಲವು ಸಲ ಎರಡು ಜೋಡಿಯಲ್ಲೇ ಕುಂಟುತ್ತಾ 100 ಮೆಗಾಬಿಟ್‌ಗೆ ಇಳಿಯುತ್ತದೆ. 300ರ ಪ್ಲಾನ್ ಇದ್ದು ತಂತಿಯಲ್ಲಿ ಅಳೆದಾಗ ಸದಾ 94, 95 ಬರುತ್ತಿದ್ದರೆ ಮೊದಲು ಈ ಪ್ಲಗ್ಗನ್ನೂ ಆಮೇಲೆ ಹಳೆಯ ರೌಟರಿನ ಪೋರ್ಟನ್ನೂ ಅನುಮಾನಿಸಿ.

ಎರಡು ಡಬ್ಬಿಯ ಮನೆಗಳಲ್ಲಿ ಒಂದು ಎಚ್ಚರ. ರೌಟರಿನ ಬೆನ್ನಲ್ಲಿ ಬೇರೆ ಬಣ್ಣದ ಒಂದು ಪೋರ್ಟ್ ವ್ಯಾನ್, ಉಳಿದವು ಲ್ಯಾನ್. ಲ್ಯಾನ್ ಅಂದರೆ ಮನೆಯೊಳಗಿನ ಜಾಲ, ವ್ಯಾನ್ ಅಂದರೆ ಹೊರಗಿನದು. ಗುಡಿಸಿ ಒರೆಸುವಾಗ ಕಿತ್ತ ತಂತಿಯನ್ನು ವ್ಯಾನಿನ ಬದಲು ಲ್ಯಾನಿಗೆ ಸಿಕ್ಕಿಸಿದ್ದರಿಂದ ನೆಟ್ ಹೋದ ಮನೆಗಳನ್ನು ನಾನು ಬೆರಳೆಣಿಕೆಗೂ ಮೀರಿ ನೋಡಿದ್ದೇನೆ.

ವಿಳಾಸ ಸಿಕ್ಕಿದೆಯೇ?

ವೈಫೈ ಸೇರಿದ ಕೂಡಲೇ ರೌಟರ್ ನಿಮ್ಮ ಫೋನಿಗೆ ಒಂದು ಸಂಖ್ಯೆ ಕೊಡುತ್ತದೆ. ಅದು ಐಪಿ ವಿಳಾಸ. ಕೊಡುವ ಗುಮಾಸ್ತನ ಹೆಸರು ಡಿಎಚ್‌ಸಿಪಿ. ಫೋನಿನ ವೈಫೈ ಸೆಟ್ಟಿಂಗಿನಲ್ಲಿ ನಿಮ್ಮ ವೈಫೈ ಹೆಸರನ್ನು ಒತ್ತಿದರೆ ವಿವರದಲ್ಲಿ ಕಾಣುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ.

ಸಂಖ್ಯೆ 192.168ರಿಂದಲೋ 10ರಿಂದಲೋ ಶುರುವಾದರೆ ಸರಿ. ಅದರ ಜೊತೆ ಗೇಟ್‌ವೇ ಎಂದು ಇನ್ನೊಂದು ಸಂಖ್ಯೆ ಇರುತ್ತದೆ; ಅದು ರೌಟರಿನದೇ ವಿಳಾಸ, ಮನೆಯಿಂದ ಹೊರಬೀಳುವ ದಣಪೆ. ಕಂಪ್ಯೂಟರಿನಲ್ಲಿ 169.254ರಿಂದ ಶುರುವಾಗುವ ವಿಳಾಸ ಕಂಡರೆ ಗುಮಾಸ್ತ ಉತ್ತರ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಏನೋ ಒಂದು ಹೆಸರಿಟ್ಟುಕೊಂಡು ಕೂತಿದೆ. ವೈಫೈಯನ್ನು 'ಮರೆತುಬಿಡು' ಎಂದು ಹೇಳಿ ಮತ್ತೆ ಸೇರಿಸಿ, ಆಗದಿದ್ದರೆ ರೌಟರ್ ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಆಫ್-ಆನ್ ಮಂತ್ರ ಫಲಿಸುವ ಜಾಗ ಇದು.

192.168 ಎಂಬ ವಿಳಾಸ ನಿಮ್ಮ ಮನೆಯಲ್ಲೂ ಇದೆ, ನಮ್ಮ ಮನೆಯಲ್ಲೂ ಇದೆ. 'ಅಡುಗೆಮನೆ' ಎಂದ ಹಾಗೆ, ಮನೆಯೊಳಗೆ ಮಾತ್ರ ಅರ್ಥ. ಹೊರಗೆ ಹೋಗುವಾಗ ರೌಟರ್ ಎಲ್ಲರ ಪರವಾಗಿ ಒಂದೇ ಹೊರವಿಳಾಸದಿಂದ ಮಾತಾಡುತ್ತದೆ. ಈ ಕೆಲಸ ನ್ಯಾಟ್. ಏಕೆ ಈ ವೇಷ? ಹಳೆಯ ಪದ್ಧತಿಯ ಐಪಿವಿ4 ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಜಗತ್ತಿನ ಮೂಲ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು. ಈಗ ಅನೇಕ ಕಂಪನಿಗಳು ಮನೆಗೊಂದು ಹೊರವಿಳಾಸವನ್ನೂ ಕೊಡದೆ, ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ನಿಲ್ಲಿಸುತ್ತವೆ. ಇದು ಸಿಜಿನ್ಯಾಟ್.

ಸಿನಿಮಾ ನೋಡುವವರಿಗೆ ಇದರಿಂದ ಏನೂ ಆಗುವುದಿಲ್ಲ. ತೊಂದರೆ ಆಗುವುದು ಅಡಿಕೆ ಕಣಕ್ಕೆ ಹಳೆಯ ಸಿಸಿಟಿವಿ ಹಾಕಿಸಿ ಅದನ್ನು ಬೆಂಗಳೂರಿನಿಂದ ನೋಡಬೇಕೆಂದವರಿಗೆ. ಕ್ಯಾಮೆರಾದ ವಿಡಿಯೊ ತುಂಬಿಡುವ ಹಳೆಯ ಡಿವಿಆರ್ ಡಬ್ಬಿಗಳಿಗೆ ಪೋರ್ಟ್ ಫಾರ್ವರ್ಡಿಂಗ್ ಎಂದು ರೌಟರಿನಲ್ಲಿ ಒಂದು ಕಿಂಡಿ ತೆರೆಯಬೇಕಾಗುತ್ತದೆ. ನಿಮ್ಮ ರೌಟರಿನಲ್ಲಿ ಕಿಂಡಿ ತೆರೆದರೇನು, ಕಂಪನಿಯ ದೊಡ್ಡ ಬಾಗಿಲು ಮುಚ್ಚಿಯೇ ಇದೆಯಲ್ಲ. ರೌಟರಿನ ಒಳಪುಟದಲ್ಲಿ ವ್ಯಾನ್ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಆಗ ಎರಡೇ ದಾರಿ: ಕಂಪನಿಗೆ ಹೆಚ್ಚಿನ ಹಣ ಕೊಟ್ಟು ಪಬ್ಲಿಕ್ ಐಪಿ ಕೇಳುವುದು, ಇಲ್ಲವೇ ಆ್ಯಪ್ ಮೂಲಕ ತಾನೇ ಹೊರಗಿನ ಸರ್ವರನ್ನು ಸಂಪರ್ಕಿಸುವ ಹೊಸ ಕ್ಯಾಮೆರಾ ಹಾಕಿಸುವುದು. ಐಪಿವಿ6 ಎಂಬ ಹೊಸ ಪದ್ಧತಿಯಲ್ಲಿ ವಿಳಾಸಕ್ಕೆ ಬರವೇ ಇಲ್ಲ, ನಮ್ಮ ದೇಶದ ಮೊಬೈಲ್ ಜಾಲಗಳಲ್ಲಿ ಅದು ಚೆನ್ನಾಗಿ ನೆಲೆಯೂರಿದೆ. ಹಳೆಯ ಡಿವಿಆರ್‌ಗೆ ಮಾತ್ರ ಅದರ ಗಂಧವಿರುವುದಿಲ್ಲ.

ಮ್ಯಾಕ್ ವಿಳಾಸ ಎಂಬುದೂ ಒಂದಿದೆ, ಯಂತ್ರ ಹುಟ್ಟುವಾಗಲೇ ಬರುವ 12 ಅಕ್ಷರ-ಅಂಕಿಗಳ ಗುರುತು. ಪಕ್ಕದ ಮನೆಯ ಹುಡುಗನ ಫೋನನ್ನು ಇದರಿಂದ ತಡೆದೆ ಎಂದು ಬೀಗಬೇಡಿ. ಈಗಿನ ಫೋನುಗಳು ವೈಫೈಗೆ ಸುಳ್ಳು ಮ್ಯಾಕ್ ತೋರಿಸುತ್ತವೆ. ಪಾಸ್‌ವರ್ಡ್ ಬದಲಿಸುವುದೇ ಸರಿಯಾದ ತಡೆ.

ಹೆಸರಿನಿಂದ ದಾರಿ: ಡಿಎನ್‌ಎಸ್

ಪರವೂರಿನವರು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ "ಮೇಲಿನಮನೆ ಎಲ್ಲಿ?" ಎಂದು ಕೇಳಿದರೆ ಅಂಗಡಿಯವ ದಾರಿ ತೋರಿಸುತ್ತಾನೆ. ನೀವು ಬ್ರೌಸರಿನಲ್ಲಿ ಹೊಡೆಯುವ ಹೆಸರನ್ನು ಕೇಳಿ ಅದರ ಐಪಿ ಸಂಖ್ಯೆ ಹೇಳುವ ಅಂಗಡಿಯೇ ಡಿಎನ್‌ಎಸ್. 1983ರಲ್ಲಿ ಇದನ್ನು ರೂಪಿಸಿದ್ದು ಪಾಲ್ ಮೊಕಪೆಟ್ರಿಸ್. ಅಂಗಡಿ ಮುಚ್ಚಿದ್ದರೆ ದಾರಿಯೂ ಇರುತ್ತದೆ, ಮೇಲಿನಮನೆಯೂ ಇರುತ್ತದೆ, ಹೊಸಬರಿಗೆ ಮಾತ್ರ ತಲುಪಲು ಆಗುವುದಿಲ್ಲ.

ಪರೀಕ್ಷೆ ಹೀಗೆ. ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟಿನಲ್ಲಿ ಪಿಂಗ್ (ping) ಎಂದು ಬರೆದು ಜಾಗ ಬಿಟ್ಟು 8.8.8.8 ಹಾಕಿ. ಉತ್ತರ ಬಂದರೆ ದಾರಿ ಸರಿಯಿದೆ; ಆದರೂ ಹೆಸರಿನ ಯಾವ ಜಾಲತಾಣವೂ ತೆರೆಯದಿದ್ದರೆ ಅಂಗಡಿ ಮುಚ್ಚಿದೆ. ನೀವು ಏನೂ ಬದಲಿಸದಿದ್ದರೆ ಕಂಪನಿಯದೇ ಅಂಗಡಿ ನಡೆಯುತ್ತಿರುತ್ತದೆ. ಅದು ಪದೇ ಪದೇ ಕೈಕೊಟ್ಟರೆ ವೈಫೈ ಸೆಟ್ಟಿಂಗಿನಲ್ಲೋ ರೌಟರಿನಲ್ಲೋ ಡಿಎನ್‌ಎಸ್ ಜಾಗದಲ್ಲಿ ಗೂಗಲ್ 2009ರಲ್ಲಿ ತೆರೆದ 8.8.8.8 ಅಥವಾ ಕ್ಲೌಡ್‌ಫ್ಲೇರ್ 2018ರಲ್ಲಿ ತೆರೆದ 1.1.1.1 ಹಾಕಿಕೊಳ್ಳಬಹುದು. ಇದರಿಂದ ನೆಟ್ಟಿನ ವೇಗ ಎರಡು ಪಟ್ಟಾಗುತ್ತದೆ ಎಂದು ಹೇಳುವ ವಿಡಿಯೊಗಳನ್ನು ನಂಬಬೇಡಿ. ದಾರಿ ಕೇಳುವ ಹೊತ್ತು ತುಸು ಕಡಿಮೆಯಾಗಬಹುದು, ದಾರಿ ಅಗಲವಾಗುವುದಿಲ್ಲ.

ಈ ಹೆಸರುಗಳು ಇಂಗ್ಲಿಷಿನಲ್ಲೇ ಇರಬೇಕೆಂದಿಲ್ಲ. ಕನ್ನಡ ಅಕ್ಷರದಲ್ಲಿ '.ಭಾರತ' ಎಂದು ಮುಗಿಯುವ ಹೆಸರುಗಳಿಗೂ ಡಿಎನ್‌ಎಸ್‌ನಲ್ಲಿ ಜಾಗವಿದೆ. ಒಳಗೆ ಅದು ರೋಮನ್ ಅಕ್ಷರಗಳ ಒಂದು ಸಂಕೇತವಾಗಿ ಓಡಾಡುತ್ತದೆ, ನಮಗೆ ಕಾಣುವುದು ಕನ್ನಡವೇ.

ವೇಗದ ಲೆಕ್ಕ

ಪ್ಲಾನಿನಲ್ಲಿ 100 ಎಂಬಿಪಿಎಸ್ ಎಂದಿರುತ್ತದೆ, ಡೌನ್‌ಲೋಡ್ ಆಗುವಾಗ 12 ಚಿಲ್ಲರೆ ಎಂಬಿ ತೋರಿಸುತ್ತದೆ. ಮೋಸವಾಯಿತು ಎಂದು ಕೂಗಾಡಬೇಡಿ. ಪ್ಲಾನಿನದು ಮೆಗಾಬಿಟ್, ಫೈಲಿನದು ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. 100ನ್ನು ಎಂಟರಿಂದ ಭಾಗಿಸಿದರೆ 12.5.

ವೇಗ ಅಳೆಯುವುದಾದರೆ ರೌಟರಿನ ಪಕ್ಕ 5 ಗಿಗಾಹರ್ಟ್ಸ್‌ನಲ್ಲಿ ಅಥವಾ ತಂತಿ ಹಾಕಿ ಅಳೆಯಿರಿ, ಉಳಿದವರ ವಿಡಿಯೊ ನಿಲ್ಲಿಸಿ. ಅಟ್ಟದ ಮೇಲೆ ಕೂತು ಅಳೆದ ಅಂಕಿ ಅಟ್ಟದ್ದು, ಕಂಪನಿಯದಲ್ಲ. ಬಂದ ಅಂಕಿಗಳಲ್ಲಿ ಎಲ್ಲರೂ ಡೌನ್‌ಲೋಡ್ ನೋಡುತ್ತಾರೆ. ನೀವು ಆನ್‌ಲೈನ್ ಕ್ಲಾಸು, ಮೀಟಿಂಗು ಮಾಡುವವರಾದರೆ ಅಪ್‌ಲೋಡ್ ಮತ್ತು ಪಿಂಗ್ ನೋಡಿ. ನಿಮ್ಮ ಮುಖ ಆಚೆಗೆ ಹೋಗುವುದು ಅಪ್‌ಲೋಡಿನಲ್ಲಿ. ಪಿಂಗ್ ಎಂದರೆ ಒಂದು ಪುಟ್ಟ ತುಣುಕು ಹೋಗಿ ಬರಲು ಹಿಡಿಯುವ ಕಾಲ, ಮಿಲಿಸೆಕೆಂಡಿನಲ್ಲಿ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ದೆಹಲಿ ಆಕಾಶದೂರ 1,700 ಚಿಲ್ಲರೆ ಕಿಲೋಮೀಟರ್, ಹೋಗಿ ಬರಲು ಕನಿಷ್ಠ 17 ಮಿಲಿಸೆಕೆಂಡ್ ಬೇಕೇ ಬೇಕು. ಎಷ್ಟು ದುಡ್ಡು ಕೊಟ್ಟು ಪ್ಲಾನ್ ಏರಿಸಿದರೂ ಬೆಳಕು ಇದಕ್ಕಿಂತ ಬೇಗ ಓಡುವುದಿಲ್ಲ. ಪಿಂಗ್ ಒಮ್ಮೆ 20, ಒಮ್ಮೆ 200 ಎಂದು ಕುಣಿದರೆ ಅದಕ್ಕೆ ಜಿಟರ್ ಎನ್ನುತ್ತಾರೆ. ಮಾತು ಕತ್ತರಿಸಿ ಕತ್ತರಿಸಿ ಕೇಳುವುದು ಇದರಿಂದ.

ಎಷ್ಟು ವೇಗ ಬೇಕು ಎಂದು ಕೇಳುವವರಿಗೆ: 2023ರಿಂದ ಬ್ರಾಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಲು ಸರಕಾರದ ಲೆಕ್ಕದಲ್ಲಿ ಕನಿಷ್ಠ 2 ಎಂಬಿಪಿಎಸ್ ಬೇಕು, ಅದಕ್ಕೂ ಮುಂಚೆ 512 ಕೆಬಿಪಿಎಸ್ ಸಾಕಿತ್ತು. ಒಂದು ಎಚ್‌ಡಿ ವಿಡಿಯೊ 5ರಲ್ಲಿ ಸರಾಗವಾಗಿ ಓಡುತ್ತದೆ. ನಾಲ್ಕೈದು ಜನರ ಮನೆಗೆ 50 ಧಾರಾಳ. 300 ತೆಗೆದುಕೊಳ್ಳುವವರು ಆ ಹಣದಲ್ಲಿ ಒಂದು ಸಲ ಲ್ಯಾನ್ ತಂತಿ ಎಳೆಸಿಕೊಳ್ಳುವುದು ಮೇಲು. ಪ್ಲಾನಿನ ಸಣ್ಣ ಅಕ್ಷರದಲ್ಲಿ ಎಫ್‌ಯುಪಿ ಎಂದಿರುತ್ತದೆ, ತಿಂಗಳಿಗೆ ಇಷ್ಟು ಜಿಬಿ ದಾಟಿದರೆ ವೇಗ ಇಳಿಸುತ್ತೇವೆ ಎಂಬ ಕರಾರು. ತಿಂಗಳ ಕೊನೆಯಲ್ಲಿ ಮಾತ್ರ ನೆಟ್ ತೆವಳುತ್ತಿದ್ದರೆ ಅದನ್ನು ಓದಿ.

ಆ ಸಣ್ಣ ತೂತಿಗೆ ಕಡ್ಡಿ ಹಾಕುವ ಮುನ್ನ

ಡಬ್ಬಿಯ ಬೆನ್ನಲ್ಲಿ ರೀಸೆಟ್ ಎಂದು ಬರೆದ ತೂತು ಇದೆ. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಮೊದಲನೆಯದು ನಿದ್ದೆ ಮಾಡಿ ಎದ್ದ ಹಾಗೆ, ಎರಡನೆಯದು ಹಿಂದಿನದೆಲ್ಲ ಮರೆತು ಹೊಸದಾಗಿ ಹುಟ್ಟಿದ ಹಾಗೆ. ಅನೇಕ ಕಂಪನಿಗಳ ಸಂಪರ್ಕ ಪಿಪಿಪಿಒಇ ಪದ್ಧತಿಯದು: ಡಬ್ಬಿಯೊಳಗೆ ನಿಮ್ಮ ಯೂಸರ್‌ನೇಮ್, ಪಾಸ್‌ವರ್ಡ್ ಕೂರಿಸಿರುತ್ತಾರೆ, ಅದು ಪ್ರತಿ ಸಲ ಅವನ್ನು ಹೇಳಿ ಒಳಗೆ ಹೋಗುತ್ತದೆ. ರೀಸೆಟ್ ಒತ್ತಿದಿರೋ ಆ ಎರಡೂ ಅಳಿಸಿಹೋಗಬಹುದು. ಆಮೇಲೆ ಪಾನ್ ಹಸಿರಿದ್ದರೂ ಇಂಟರ್‌ನೆಟ್ ದೀಪ ಬಾರದು. ಸಂಪರ್ಕ ಕೊಡಲು ಬಂದ ದಿನವೇ ಆ ಯೂಸರ್‌ನೇಮ್, ಪಾಸ್‌ವರ್ಡ್, ಗ್ರಾಹಕರ ಸಂಖ್ಯೆ ಬರೆಸಿಕೊಂಡು ರೇಷನ್ ಕಾರ್ಡಿನ ಜೊತೆ ಇಟ್ಟುಬಿಡಿ. ಅದೇ ದಿನ ಡಬ್ಬಿಯ ಒಳಪುಟದ ಪಾಸ್‌ವರ್ಡನ್ನೂ ವೈಫೈ ಪಾಸ್‌ವರ್ಡನ್ನೂ ಬದಲಿಸಿ, ಭದ್ರತೆಯ ಜಾಗದಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ. ಪಾಸ್‌ವರ್ಡ್ ಮನೆಯ ಫೋನ್ ನಂಬರ್ ಆಗಿರುವುದು ಬೇಡ, ಊರಿಗೆಲ್ಲ ಗೊತ್ತಿರುತ್ತದೆ.

ಚಿಕ್ಕಮ್ಮನ ಕೆಂಪು ದೀಪಕ್ಕೆ ಕಾರಣ ತೋಟದಲ್ಲಿ ಸಿಕ್ಕಿತು. ಮಂಗಗಳು ಜೋತಾಡಿ ಕಂಬದಿಂದ ಕಂಬಕ್ಕೆ ಎಳೆದ ಕೇಬಲ್ ಮೊದಲೇ ಸಡಿಲವಾಗಿತ್ತು, ಗಾಳಿಗೆ ಬಿದ್ದ ಅಡಿಕೆ ಮರ ಉಳಿದದ್ದನ್ನು ಮುಗಿಸಿತ್ತು. ಮರುದಿನ ಮಧ್ಯಾಹ್ನ ಲೈನಿನ ಹುಡುಗ ಬಂದು, ಕೊಡೆ ಹಿಡಿಸಿಕೊಂಡು ಕಟ್ಟೆಯ ಮೇಲೆ ಕೂತು ಜಾಯಿಂಟ್ ಹಾಕಿದ್ದನ್ನು ಚಿಕ್ಕಮ್ಮ ವಿಡಿಯೊ ಕಾಲಿನಲ್ಲಿ ತೋರಿಸಿದರು, ಮೊಬೈಲ್ ಡೇಟಾದಲ್ಲಿ. ಮೇಲಿನ ಸಿಪ್ಪೆ ಸುಲಿದು, ಗಾಜಿನ ಎಳೆಯನ್ನು ಸ್ಪಿರಿಟ್ ಹಚ್ಚಿ ಒರೆಸಿ, ಪುಟ್ಟ ಕತ್ತರಿಯಂತಹ ಉಪಕರಣದಲ್ಲಿ ತುದಿಯನ್ನು ನೇರ ಕತ್ತರಿಸಿ ಎರಡನ್ನೂ ಒಂದು ಪೆಟ್ಟಿಗೆಯೊಳಗೆ ಎದುರುಬದುರು ಇಟ್ಟ. ಪರದೆಯ ಮೇಲೆ ಎರಡು ತುದಿಗಳು ಬಿದಿರಿನ ಗಳದಷ್ಟು ದಪ್ಪ ಕಾಣುತ್ತಿದ್ದವು. ತಾವಾಗಿ ಹತ್ತಿರ ಸರಿದವು, ಒಂದು ಕಿಡಿ, ನಡುವಿನ ಗೆರೆ ಮಾಯ. 0.02 ಡಿಬಿ ನಷ್ಟ ಎಂದು ಪೆಟ್ಟಿಗೆ ಬರೆದು ತೋರಿಸಿತು. ಒಳಗೆ ಹೋಗಿ ನೋಡಿದರೆ ಎಲ್‌ಓಎಸ್ ಆರಿತ್ತು.

ಮೊನ್ನೆ ಮತ್ತೆ ಫೋನು. ಈ ಸಲ ದನಿಯಲ್ಲಿ ಗತ್ತು. "ನೋಡೋ, ಎಲ್‌ಓಎಸ್ ಕೆಂಪಿಲ್ಲ. ಪಾನ್ ಹಸಿರು, ಅಲುಗಾಡ್ತಾ ಇಲ್ಲ. ಇಂಟರ್‌ನೆಟ್ ದೀಪ ಮಾತ್ರ ಇಲ್ಲ. ರೀಸೆಟ್ ಮುಟ್ಟಿಲ್ಲ ಮತ್ತೆ."

"ಈ ತಿಂಗಳ ರೀಚಾರ್ಜ್ ಮಾಡಿಸಿದ್ಯಾ ಚಿಕ್ಕಮ್ಮ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಚಿಕ್ಕಪ್ಪನನ್ನು ಕೂಗಿದ್ದು ಕೇಳಿಸಿತು.